ಪದ್ಮವ್ವನ ಬಳ್ಳಿಗೆ ಕುಬಸ

ಘಟಪ್ರಭಾದಿಂದ ಗೋಕಾಕ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಎಡಕ್ಕೆ ಹಸಿರು ಬಲೆ ಹೊದಿಸಿದ ಚಪ್ಪರವೊಂದು ಕಾಣುತ್ತದೆ. ಅದು ನನ್ನ ನರ್ಸರಿ. ಇಲ್ಲಿ ಕೂತು ಸಸಿ ಮಾರುತ್ತ ಮಾರುತ್ತ ನನಗೊಂದು ಚಟ ಅಂಟಿಕೊಂಡಿದೆ. ಗಿರಾಕಿ ಬಾಯಿ ಬಿಡುವ ಮೊದಲೇ ಇವರು ಯಾವ ಗಿಡ ಕೇಳುತ್ತಾರೆಂದು ಊಹಿಸಿಬಿಡುತ್ತೇನೆ. ಹೊಸ ಮನೆ ಕಟ್ಟಿಸಿದವರಿಗೆ ತೆಂಗು ಬೇಕು. ಅತ್ತೆ ಸೊಸೆ ಕೂಡಿ ಬಂದರೆ ಅತ್ತೆ ಕರಿಬೇವಿನ ಕಡೆ ಹೋಗುತ್ತಾಳೆ, ಸೊಸೆ ಗುಲಾಬಿಯ ಕಡೆ. ಮೂಡಲಗಿ ಕಡೆಯ ರೈತರು ಲಿಂಬೆ ಕೇಳಿ, ಚೌಕಾಸಿ ಮಾಡಿ, ಕೊನೆಗೆ ಮಾವು ಒಯ್ಯುತ್ತಾರೆ. ಪೆನ್ಶನ್ ಹತ್ತಿದ ಗಂಡಸರಿಗೆ ಮಾತ್ರ ಈ ನೆಲದಲ್ಲಿ ಬದುಕದ ಗಿಡವೇ ಬೇಕು. ಅವರ ಜೊತೆ ವಾದಿಸಿ ವಾದಿಸಿ ‘ಸಿದ್ರಾಯ ಮುಂಗೋಪಿ’ ಎಂಬ ಹೆಸರು ಬಂದಿದೆ ನನಗೆ. ಬರಲಿ. ಸುಳ್ಳು ಹೇಳಿ ಸಸಿ ಮಾರುವುದಕ್ಕಿಂತ ಬೈದು ಕಳಿಸುವುದು ಮೇಲು.

ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಹಿಡಕಲ್ ಬಸ್ಸಿನಿಂದ ಗಂಡ ಹೆಂಡತಿ ಇಬ್ಬರು ಜಗಳಾಡುತ್ತಲೇ ಇಳಿದರು. ಗಂಡ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಮುಂದೆ, ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಹಿಂದೆ. ಗಂಡಸು ಪೆನ್ಶನ್‌ದಾರ ಎಂದು ನಡಿಗೆಯಲ್ಲೇ ಗೊತ್ತಾಯಿತು. ಬಂತಪ್ಪಾ ಸೇಬಿನ ಗಿರಾಕಿ ಎಂದುಕೊಂಡೆ.

“ನಾಸಪಾತಿ ಸಸಿ ಐತೇನು?” ಎಂದರು ಅವರು.

ಸೇಬಲ್ಲ, ಸೇಬಿನ ಕಾಕಾನ ಮಗ. ಶಾಲೆಯ ಪುಸ್ತಕದಲ್ಲಿ ಮರಸೇಬು ಎಂದು ಬರೆದಿರುತ್ತಾರಲ್ಲ, ಅದು.

“ಅದು ಥಂಡಿ ದೇಶದ ಗಿಡರಿ ಸಾಹೇಬ್ರ. ಚಳಿಗಾಲದಾಗ ಎಲಿ ಉದುರಿಸಿ ತಿಂಗಳಗಟ್ಟಲೆ ಗಡಗಡ ನಡುಗಿದ್ರ ಆಮ್ಯಾಲೆ ಹೂವ ಬಿಡತೈತಿ. ನಮ್ಮ ಕಡಿ ಥಂಡಿ ಅಂದ್ರ ಮುಂಜಾನೆ ಒಂದು ಶಾಲು ಹೊದಿಯೂವಷ್ಟ.”

“ನಾ ಹೇಳಿದ್ದಿಲ್ಲೇನು?” ಎಂದು ಹಿಂದಿನಿಂದ ಹೆಂಡತಿ ಗೆದ್ದ ದನಿಯಲ್ಲಿ ಹೇಳಿದಳು. “ಅವರ ಮಾತ ಬಿಡು ತಮ್ಮಾ. ನನಗ ದ್ರಾಕ್ಷಿ ಕೊಡು.”

ಆಕೆಯೇ ಪದ್ಮವ್ವ. ಮೊದಲ ಭೇಟಿಯಲ್ಲೇ ನನ್ನನ್ನು ತಮ್ಮ ಎಂದಳು, ನಾನು ಅಕ್ಕ ಎಂದೆ, ಹಾಗಾಗಿ ಬರೆಯುವಾಗಲೂ ಏಕವಚನವೇ ಬರುತ್ತದೆ. ಆಕೆಯ ಗಂಡ ಅಣ್ಣಾಸಾಹೇಬರಿಗೆ ಬಹುವಚನ ಕೊಡದಿದ್ದರೆ ಮುಖ ಸಣ್ಣಗಾಗುತ್ತದೆ, ಅದಕ್ಕೆ ಕೊಡುತ್ತಿದ್ದೇನೆ. ಅವರು ಹಿಡಕಲ್ ಆಣೆಕಟ್ಟಿನಲ್ಲಿ ಗೇಟು ಏರಿಸುವ ಇಳಿಸುವ ಕೆಲಸದಲ್ಲೇ ಆಯುಷ್ಯ ಕಳೆದವರು. ನಿವೃತ್ತಿಯಾದ ಮೇಲೆ ಅಲ್ಲೇ ಊರಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ್ದರು. ಹಿಂದೆ ಹಿತ್ತಲು ದೊಡ್ಡದೇ, ಆದರೆ ಅಗೆದಲ್ಲೆಲ್ಲ ಹಾಸುಬಂಡೆ. ಹುಡುಕಿ ಹುಡುಕಿ ಮೂಲೆಯಲ್ಲಿ ಮಣ್ಣಿರುವ ಒಂದೇ ಒಂದು ಜಾಗ ಸಿಕ್ಕಿತ್ತು. ಆ ಒಂದು ಗುಂಡಿಗೆ ಏನು ಹಚ್ಚಬೇಕೆಂಬುದೇ ಬಸ್ಸಿನಲ್ಲಿ ನಡೆದ ಜಗಳ. ಅಣ್ಣಾಸಾಹೇಬರು ಯಾವಾಗಲೋ ವೈಷ್ಣೋದೇವಿ ಯಾತ್ರೆಗೆ ಹೋದಾಗ ಜಮ್ಮುವಿನಲ್ಲಿ ಒಂದು ನಾಸಪಾತಿ ತಿಂದಿದ್ದರಂತೆ. ದೇವಿಯ ದರ್ಶನದ ಸುದ್ದಿ ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ, ಆ ಹಣ್ಣಿನ ಸುದ್ದಿ ಈಗಲೂ ಕೇಳುತ್ತಿದ್ದೇನೆ.

ಅಂದು ಪದ್ಮವ್ವ ಗೆದ್ದಳು. “ಪ್ಯಾಟ್ಯಾಗ ಮಾರತಾರಲ್ಲ, ಹಸರೂದು, ಬೀಜ ಇಲ್ಲದ್ದು, ಅದ ಬೇಕು” ಎಂದಳು. ಕಾಡು ಬೇರಿಗೆ ಕಸಿ ಕಟ್ಟಿದ ಥಾಮ್ಸನ್ ಸಸಿ ತೋರಿಸಿದೆ. ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ ಬೇರಿಗೆ ಕೈ ಹಾಕಿ ನೋಡಿದಳು, ಮೂಸಿ ನೋಡಿದಳು, ಪಕ್ಕದ ಸಾಲಿನ ಮಲ್ಲಿಗೆಗೆ ನೀರು ಕಡಿಮೆಯಾಗಿದೆಯೆಂದು ನನಗೇ ಬುದ್ಧಿ ಹೇಳಿದಳು. ಗಿಡಕ್ಕೆ ಆಕೆ ‘ಅದು’ ಎನ್ನುವುದಿಲ್ಲ. “ಇಕಿ ಬಿಸಲ ತಡಿತಾಳೇನು?” “ಇಕಿಗೆ ನೀರ ಎಷ್ಟ ಬೇಕು?” ಎಂದೇ ಕೇಳುತ್ತಾಳೆ. ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಪ್ರಶ್ನೆ ಕೇಳಲಿಕ್ಕಿಲ್ಲ.

ಎಲ್ಲ ಹೇಳಿದೆ. ಚಪ್ಪರ ಹ್ಯಾಗಿರಬೇಕು, ಗೊಬ್ಬರ ಯಾವಾಗ ಎಂಬುದೆಲ್ಲ. ವರ್ಷಕ್ಕೆ ಎರಡು ಸಲ ಛಾಟಣಿ ಮಾಡಬೇಕು, ಎಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸಬೇಕು, ಯುಗಾದಿಯಾದ ಮೇಲೆ ಒಮ್ಮೆ, ದಸರೆಯಾದ ಮೇಲೆ ಇನ್ನೊಮ್ಮೆ ಎಂದೂ ಹೇಳಿದೆ. “ಆತು ತಮ್ಮಾ” ಎಂದು ಸಸಿಯನ್ನು ಮಗುವಿನಂತೆ ಎತ್ತಿಕೊಂಡು ಬಸ್ಸು ಹತ್ತಿದಳು.

ಬಳ್ಳಿ ಬೆಳೆಯಿತು. ಚಪ್ಪರ ತುಂಬಿತು. ಒಂದು ಕಾಯಿ ಬಿಡಲಿಲ್ಲ. ಬೇಸಿಗೆ ಬಂತೆಂದರೆ ಪದ್ಮವ್ವ ನರ್ಸರಿಗೆ ಹಾಜರು.

“ಎಲಿ ನೋಡಿದ್ರ ಕಣ್ಣ ತುಂಬತಾವ ತಮ್ಮಾ. ಕಾಯಿ ಇಲ್ಲ.”

“ಛಾಟಣಿ ಮಾಡೀರೇನ್ರಿ ಅಕ್ಕಾರ?”

“ಮಾಡೇನಪಾ. ನಾನಽ ಕೈಯಾರೆ ಮಾಡೇನಿ.”

ಸುಳ್ಳು ಹೇಳುವ ಮುಖವಲ್ಲ ಅದು. ಗೊಬ್ಬರ ಬದಲಿಸಿ ಕೊಟ್ಟೆ. ಮುಂದಿನ ವರ್ಷ ಮತ್ತೆ ಅದೇ ಮಾತು, ಅದೇ ಉತ್ತರ. ನಾನು ಮಾರಿದ ಥಾಮ್ಸನ್ ಕಾಗವಾಡದ ಕಡೆಯ ಹೊಲಗಳಲ್ಲಿ ಗೊಂಚಲು ಗೊಂಚಲಾಗಿ ಜೋಲುತ್ತಿರುವಾಗ ಈ ಒಂದು ಹಿತ್ತಲಿನಲ್ಲಿ ನನ್ನ ಮರ್ಯಾದೆ ಮಣ್ಣುಪಾಲಾಗುತ್ತಿತ್ತು. ಹಿಡಕಲ್‌ನವರು ಯಾರಾದರೂ ಬಂದರೆ “ಪದ್ಮವ್ವಗ ಕೊಟ್ಟಂಥಾದ್ದು ಬ್ಯಾಡ್ರಿ” ಎನ್ನತೊಡಗಿದ್ದರು. ನನಗೆ ಸಿಟ್ಟು ಬರದೆ ಇನ್ನೇನು ಬಂದೀತು?

ಆಮೇಲೆ ಒಂದು ದಿನ ಅಣ್ಣಾಸಾಹೇಬರು ಒಬ್ಬರೇ ಬಂದರು. ಮುಖ ಬಾಡಿತ್ತು. ನನ್ನ ಹೆಂಡತಿ ನಂದಾ ಚಹಾ ತಂದುಕೊಟ್ಟಳು. ಅವರು ಚಹಾ ಹಿಡಿದುಕೊಂಡೇ ಕೂತರು.

“ನಾ ಅದನ್ನ ಕಿತ್ತ ಒಗದ್ನೋ ಸಿದ್ರಾಯ. ಹಾರಿ ತಗೊಂಡ ಬುಡಸಹಿತ ಕಿತ್ತೆ. ಬಂಜಿ ಬಳ್ಳಿ ಹಿತ್ತಲದಾಗ ಯಾಕ ಬೇಕು ಅಂದೆ. ಅಷ್ಟಕ್ಕ ಅಕಿ ಕಿತ್ತ ಬಳ್ಳಿ ಮುಂದ ಕುಂತ ಅಳಾಕ ಚಾಲೂ ಮಾಡಿದ್ಲು. ಒಂದು ಬಳ್ಳಿಗೆ ಅಷ್ಟ ಅಳತಾರೇನು?”

ನಾನು ಉತ್ತರ ಕೊಡುವ ಮೊದಲೇ ನಂದಾ ಸಿಡಿದಳು. “ಏನ ಮಾತ ಅಂದ್ರಿ ನೀವು? ಯಾರ ಮುಂದ ಅಂದ್ರಿ? ನಿಮಗ ಗೊತ್ತಿಲ್ಲೇನ್ರಿ ಅಣ್ಣಾರ?”

ತಾವು ಏನು ಅಂದೆವೆಂದು ಅಣ್ಣಾಸಾಹೇಬರಿಗೆ ಆಗ ಹೊಳೆಯಿತು. ಚಹಾ ಹಾಗೇ ಇಟ್ಟು ಎದ್ದು ಹೋದರು.

ನನ್ನ ನಂದಾ ಕಣಗಲಾ ಊರಿನವಳು. ಪದ್ಮವ್ವನ ತವರೂ ಅದೇ. ಅವರು ಹೋದ ಮೇಲೆ ನಂದಾ ಹೇಳಿದ ಸಂಗತಿ ಇದು. ಪದ್ಮವ್ವನನ್ನು ಹುಕ್ಕೇರಿ ಹತ್ತಿರದ ಒಂದು ಒಕ್ಕಲು ಮನೆಗೆ ಕೊಟ್ಟಿದ್ದರು. ತುಂಬಿದ ಮನೆ, ಕೈತುಂಬ ಕೆಲಸ. ಮಕ್ಕಳಾಗಲಿಲ್ಲ. ಶೀಗಿ ಹುಣ್ಣಿಮೆಗೆ ನಮ್ಮ ಕಡೆ ಹೊಲದ ಪೈರನ್ನು ಬಸುರಿಯೆಂದೇ ತಿಳಿದು ಅದಕ್ಕೆ ಕುಬಸ, ಎಂದರೆ ಸೀಮಂತ, ಮಾಡುತ್ತಾರೆ. ಖಣ ಹೊದಿಸಿ, ಹಸಿರು ಬಳೆ ಇಟ್ಟು, ಉಡಿ ತುಂಬಿ, ಕಡಬು ಹೋಳಿಗೆಯ ಚರಗವನ್ನು ಭೂಮಿತಾಯಿಗೆ ನೈವೇದ್ಯವೆಂದು ಹೊಲದ ತುಂಬ ಚೆಲ್ಲುತ್ತಾರೆ. ಆ ದಿನ ಬೆಳಗಿನಿಂದ ಅಡುಗೆಯೆಲ್ಲ ಪದ್ಮವ್ವನದು. ಅದನ್ನು ಹೊಲಕ್ಕೆ ಒಯ್ಯುವ ಬುಟ್ಟಿ ಮಾತ್ರ ಮಕ್ಕಳಿದ್ದ ನೆಗೆಣ್ಣಿಯ ತಲೆಗೆ. “ನೀ ಮನಿ ನೋಡ್ಕೋ” ಎನ್ನುತ್ತಿದ್ದಳಂತೆ ಅತ್ತೆ. ಯಾರದೇ ಮನೆಯ ಕುಬಸವಿರಲಿ, ಪದ್ಮವ್ವ ಹೊಸ್ತಿಲ ಈಚೆಗೇ ನಿಲ್ಲುತ್ತಿದ್ದಳು. ಉಡಿಯಲ್ಲಿ ಹಾಕಲು ತಂದದ್ದನ್ನು ಬೇರೆಯವರ ಕೈಗೆ ಕೊಟ್ಟು ಹಿಂದೆ ಸರಿಯುತ್ತಿದ್ದಳು. ಒಂದು ಹುಣ್ಣಿಮೆಗೆ ಬಾಗಿಲ ಹಿಂದಿನಿಂದ ಬಂಜೆ ಎಂಬ ಆ ಮಾತು ಆಕೆಯ ಕಿವಿಗೇ ಬಿತ್ತು. ಅದನ್ನು ಕೇಳಿದ ಅಣ್ಣಾಸಾಹೇಬರು ಮರುದಿನವೇ ಹೆಂಡತಿಯನ್ನು ಕರೆದುಕೊಂಡು ಆಣೆಕಟ್ಟಿನ ಕ್ವಾರ್ಟರ್ಸಿಗೆ ಹೊರಟು ಬಂದರು. ಮತ್ತೆ ಆ ಮನೆಯಲ್ಲಿ ರಾತ್ರಿ ಉಳಿಯಲಿಲ್ಲ. ಅಂಥ ಮನುಷ್ಯನೇ ಒಂದು ಬಳ್ಳಿಯ ಮೇಲಿನ ಸಿಟ್ಟಿನಲ್ಲಿ ಆ ಮಾತನ್ನು ಹಿತ್ತಲಿಗೆ ತಂದಿದ್ದರು.

ಮರುವಾರ ಇಬ್ಬರೂ ಕೂಡಿ ಬಂದರು. ಅಣ್ಣಾಸಾಹೇಬರು ಕಲಿಸಿದ ಪಾಠ ಒಪ್ಪಿಸುವ ಹುಡುಗನ ಹಾಗೆ, “ಇನ್ನೊಂದು ದ್ರಾಕ್ಷಿ ಕೊಡು. ಛಲೋದು ಆರಿಸಿ ಕೊಡು” ಎಂದರು.

ಈ ಸಲ ನಾನೂ ಅವಸರ ಮಾಡಲಿಲ್ಲ. ಕೂರಿಸಿ ತಿಳಿಸಿ ಹೇಳಿದೆ. ಹಸಿರು ಜಾತಿಗಳೆಲ್ಲ ನಾಜೂಕು, ಔಷಧ ಹೊಡೆಯುತ್ತಲೇ ಇರಬೇಕು. ಜಲಾಶಯದ ಕಡೆಯಿಂದ ತೇವದ ಗಾಳಿ ಬೀಸುವ ಹಿತ್ತಲಿಗೆ ಅವು ಹೊಂದುವುದಿಲ್ಲ. ಮನೆ ಬಳಕೆಗೆ ಬೆಂಗಳೂರು ಬ್ಲೂ ಒಳ್ಳೆಯದು. ಕರಿ ಹಣ್ಣು, ದಪ್ಪ ಸಿಪ್ಪೆ, ಹುಳಿ ಸಿಹಿ ಎರಡೂ ಉಂಟು, ರೋಗಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಶರದ್ ಎಂಬುದೂ ಕರಿಯದೇ, ಬೀಜವಿಲ್ಲ, ಆದರೆ ಆರೈಕೆ ಹೆಚ್ಚು.

“ಬೆಂಗಳೂರಿಂದರಾಗ ಬೀಜ ಇರತಾವೇನು?” ಎಂದು ಪದ್ಮವ್ವ ಕೇಳಿದಳು.

“ಇರತಾವ್ರಿ. ಅದೊಂದು ತಿನ್ನಾಕ ಕಿರಿಕಿರಿ.”

“ಬೀಜ ಇದ್ದದ್ದಽ ಕೊಡು. ಬೀಜ ಇಲ್ಲದಾಕಿ ಹ್ಯಾಂಗ ಹಡದಾಳು? ಅದು ನಮ್ಮ ತಪ್ಪ ಆತು.”

ಬೀಜಕ್ಕೂ ಫಸಲಿಗೂ ಸಂಬಂಧವಿಲ್ಲ ಎಂದು ಹೇಳಲು ಬಾಯಿ ತೆರೆದೆ. ನಂದಾ ನನ್ನ ಕಾಲು ತುಳಿದಳು. ಪದ್ಮವ್ವ ಕೊಟ್ಟ ಕಾರಣ ತಪ್ಪು, ಆರಿಸಿದ ಜಾತಿ ಸರಿ. ಬಾಯಿ ಮುಚ್ಚಿಕೊಂಡು ಸಸಿ ಕಟ್ಟಿಕೊಟ್ಟೆ.

ಹೊರಡುವಾಗ ಪದ್ಮವ್ವ ಗಂಡನ ಕಡೆ ತಿರುಗಿದಳು. “ನೋಡ್ರಿ, ಇಕಿನೂ ಕಾಯಿ ಬಿಡಲಿಲ್ಲಂದ್ರ ಮೂರನೇ ಬ್ಯಾಸಗಿಗೆ ನಾನಽ ಮುಂದ ನಿಂತು ಕೀಳಸ್ತೇನಿ. ಆ ಜಾಗಾ ನಿಮ್ಮ ನಾಸಪಾತಿಗೆ. ಆದ್ರ ಅಲ್ಲೀತನಾ ಇಕಿಗೆ ಯಾರೂ ಆ ಮಾತ ಅನ್ನಬಾರದು.”

“ನಾ ಅಂತೇನೇನು ಇನ್ನ?” ಎಂದರು ಅಣ್ಣಾಸಾಹೇಬರು ನೆಲ ನೋಡುತ್ತ. ಆದರೂ ಆಸೆ ಬಿಟ್ಟವರಲ್ಲ. ಮೊಬೈಲಿನಲ್ಲಿ ಎಲ್ಲಿಂದಲೋ ನಾಸಪಾತಿ ಸಸಿ ತರಿಸಿ, ಪೇಂಟಿನ ಡಬ್ಬಿಯಲ್ಲಿ ನೆಟ್ಟು ಹಿತ್ತಲ ಮೆಟ್ಟಿಲ ಮೇಲೆ ಇಟ್ಟರು. ಗುಂಡಿ ಖಾಲಿಯಾಗಲಿ ಎಂದು ಅದು ಅಲ್ಲಿ ಕಾಯುತ್ತ ಕೂತಿತು.

ಹೊಸ ಬಳ್ಳಿ ಮೊದಲಿನದಕ್ಕಿಂತ ಜೋರು. ಚಪ್ಪರ ಮೀರಿ ಪಕ್ಕದ ಬಾಬಾಲಾಲರ ಮಾಳಿಗೆಗೂ ಹಬ್ಬಿತು. ಬಾಬಾಲಾಲರದು ಜಲಾಶಯದ ಮೀನು ತಂದು ಮಾರುವ ಮನೆತನ. ಅವರ ಮಗಳು ಸೈಮಾ ಕಾಲೇಜಿಗೆ ಹೋಗುವಾಗ ದಿನಾ ಮುಂಜಾನೆ ಪದ್ಮವ್ವನ ಕೈಯಲ್ಲೇ ಹೆರಳು ಹಾಕಿಸಿಕೊಳ್ಳುತ್ತಿದ್ದಳು. ಅವಳು ಮದುವೆಯಾಗಿ ಗೋಕಾಕಕ್ಕೆ ಹೋದ ದಿನ ಅವಳ ತಾಯಿ ಹಜರತಬಿಗಿಂತ ಪದ್ಮವ್ವನೇ ಹೆಚ್ಚು ಅತ್ತಳೆಂದು ಕೇಳಿದ್ದೇನೆ.

ಎರಡು ಬೇಸಿಗೆ ಹೋದವು. ಎಲೆ, ಎಲೆ, ಬರೀ ಎಲೆ. ಪದ್ಮವ್ವ ನರ್ಸರಿಗೆ ಬರುವುದನ್ನೇ ಕಡಿಮೆ ಮಾಡಿದಳು. ಬಂದರೂ ಬಳ್ಳಿಯ ಸುದ್ದಿ ಎತ್ತುತ್ತಿರಲಿಲ್ಲ. ಮಾತಿನ ಮಲ್ಲಿ ಹೀಗೆ ಸುಮ್ಮನಾದದ್ದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮೂರನೇ ಬೇಸಿಗೆಯ ಮಾತು ಮಾತೇ. ಆಕೆ ಆಡಿ ತಪ್ಪುವವಳಲ್ಲ.

ಕಳೆದ ಅಕ್ಟೋಬರಿನಲ್ಲಿ ಅಣ್ಣಾಸಾಹೇಬರು ಮತ್ತೆ ಒಬ್ಬರೇ ಬಂದು ಕೂತರು.

“ಊಟಾ ಹಾಕತಾಳ, ಮಾತ ಆಡವಲ್ಲಳು. ನಾ ಏನ ಮಾಡಲಿ?”

ಆದದ್ದಿಷ್ಟು. ಬಾಬಾಲಾಲ ತಮ್ಮ ಮಗ ಸೈಫಅಲಿಯ ಮದುವೆಗೆ ಮಾಳಿಗೆಯ ಮೇಲೆ ಶಾಮಿಯಾನಾ ಹಾಕಿಸಬೇಕಿತ್ತು. ಆ ಕಡೆಯ ಬಳ್ಳಿಯನ್ನು ಸ್ವಲ್ಪ ಸವರಬಹುದೇ ಎಂದು ಕೇಳಲು ಬಂದರು. ಪದ್ಮವ್ವ ಎರಡು ದಿನಕ್ಕೆ ಕಣಗಲಾದ ಅಣ್ಣನ ಮನೆಗೆ ಹೋಗಿದ್ದಳು. ಅಣ್ಣಾಸಾಹೇಬರು “ಸವರಪಾ, ಎಲಿ ಅಷ್ಟ ಐತಿ” ಎಂದುಬಿಟ್ಟರು. ಬಾಬಾಲಾಲ ಗೋಡೆ ದಾಟಿದ್ದನ್ನಷ್ಟೇ ಅಲ್ಲ, ಕಂಬ ನಿಲ್ಲಿಸಲು ಅಡ್ಡ ಬರುತ್ತಿದ್ದ ಕಡ್ಡಿಗಳನ್ನೂ ಸೇರಿಸಿ ಮೂಡಲ ಬದಿಯ ಅರ್ಧ ಚಪ್ಪರವನ್ನು ಬೋಳು ಮಾಡಿದರು. ಪದ್ಮವ್ವ ಮರಳಿ ಬಂದು ನೋಡಿದಳು. ಜಗಳವಾಡಲಿಲ್ಲ. ಕಡಿದ ಕಡ್ಡಿಗಳನ್ನೆಲ್ಲ ಆರಿಸಿ ಕಟ್ಟಿ ಮೂಲೆಗಿಟ್ಟಳು. ಮದುವೆಗೆ ಹೋಗಿ ಬಂದಳು, ಊಟಕ್ಕೆ ಮಾತ್ರ ಕೂರಲಿಲ್ಲ.

“ಮೊನ್ನೆರ ಪೂಜಿ ಮಾಡಿದ ಬಳ್ಳಿಗೆ ಕತ್ತರಿ ಹಚ್ಚಿಸಿದ್ರೆಲ್ಲ ಅಂತ ಒಂದಽ ಮಾತ ಅಂದ್ಲು. ಆಮ್ಯಾಲೆ ಮೌನವ್ರತ” ಎಂದರು ಅಣ್ಣಾಸಾಹೇಬರು.

ದಸರೆಯ ಪೂಜೆ ಇರಬೇಕು ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟೆ. “ಸವರಿದ್ದು ಛಲೋನಽ ಆತು ಬಿಡ್ರಿ” ಎಂದು ಸಮಾಧಾನ ಹೇಳಿ ಕಳಿಸಿದೆ.

ಡಿಸೆಂಬರಿನಲ್ಲಿ ಒಂದು ಮುಂಜಾನೆ ಫೋನು ಬಂತು. “ತಮ್ಮಾ, ಬಾ. ಇದ್ದ ಹಂಗ ಬಾ” ಎಂದಳು ಪದ್ಮವ್ವ. ಏನು ಎತ್ತ ಎಂದು ಕೇಳುವಷ್ಟರಲ್ಲಿ ಫೋನಿಟ್ಟಳು. ಬಳ್ಳಿ ಕೀಳಲು ಕರೆಯುತ್ತಿದ್ದಾಳೆಂದೇ ನಾನು ತಿಳಿದೆ. ಗಾಡಿಯ ಹಿಂದೆ ನಂದಾಳನ್ನೂ ಕೂರಿಸಿಕೊಂಡು ಹಿಡಕಲ್ ಮುಟ್ಟಿದೆ.

ಹಿತ್ತಲಿಗೆ ಕಾಲಿಟ್ಟವನು ಅಲ್ಲೇ ನಿಂತೆ. ಚಪ್ಪರದ ಮೂಡಲ ಬದಿಯಲ್ಲಿ, ಬಾಬಾಲಾಲ ಕತ್ತರಿ ಆಡಿಸಿದ ಅಷ್ಟೂ ಭಾಗದಲ್ಲಿ, ಬಟಾಣಿ ಗಾತ್ರದ ಹಸಿರು ಕಾಯಿಗಳ ಗೊಂಚಲುಗಳು ಇಳಿಬಿದ್ದಿದ್ದವು. ಪಡುವಲ ಬದಿಯಲ್ಲಿ ಕಾಯಿ ಒಂದೂ ಇಲ್ಲ, ಕೈ ಅಗಲದ ಎಲೆಗಳು. ಬುಡದ ಹತ್ತಿರ ಬಳ್ಳಿಗೆ ಒಂದು ಖಣ ಸುತ್ತಿತ್ತು, ಬಿಸಿಲಿಗೆ ಬಣ್ಣ ಹೋಗಿತ್ತು. ಕಡ್ಡಿಗೆ ಹಸಿರು ಬಳೆ ತೂಗಿದ್ದವು. ಗೋಡೆಯಾಚೆ ಮಾಳಿಗೆಯಿಂದ ಬಾಬಾಲಾಲ ಇಣುಕಿ, “ಅಕ್ಕಾ, ನಾವ್ಯಾರೂ ಮುಟ್ಟಿಲ್ರಿ. ಹೆಂಗ ಅದಾವ ಹಂಗ ಅದಾವ” ಎಂದರು.

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಸಿಟ್ಟೂ ಬಂತು.

“ಅಕ್ಕಾರ, ದಸರಾ ಆದ ಮ್ಯಾಲಿನ ಛಾಟಣಿ ನೀವು ಮಾಡಿಲ್ಲೇನ್ರಿ?”

“ಇಲ್ಲ. ಇದು ಬಾಬಾಲಾಲ ಮಾಡಿದ್ದು.”

“ಹ್ವಾದ ವರ್ಷ? ಅದರ ಹಿಂದ? ಮೊದಲಿನ ಬಳ್ಳಿಗೆ?”

“ಎಂದೂ ಮಾಡಿಲ್ಲ.”

“ಮಾಡೇನಿ, ಕೈಯಾರೆ ಮಾಡೇನಿ ಅಂತಿದ್ರೆಲ್ರಿ ನನ್ನ ಮುಂದ!”

“ಯುಗಾದಿದು ಮಾಡತಿದ್ನೆಲ್ಲ. ಅದನ್ನ ಹೇಳಿದ್ದು.” ಆಕೆಗೆ ನನ್ನ ಕೂಗಾಟವೇ ವಿಚಿತ್ರವಾಗಿ ಕಂಡಿತು. “ದಸರಾದ ಬೆನ್ನಿಗೆ ಶೀಗಿ ಹುಣ್ಣಿವಿ ಬರತೈತಿ. ಖಣ ಹೊಚ್ಚಿ, ಉಡಿ ತುಂಬಿ, ಕುಬಸಾ ಮಾಡತೇನಿ. ಬಸರ ಇದ್ದಾಕಿಗೆ ಕತ್ತರಿ ಹಚ್ಚತಾರೇನೋ ಹುಚ್ಚಪ್ಪಾ?”

ನನ್ನ ಸಿಟ್ಟು ಇಳಿದು ಹೋಯಿತು. ಅತ್ತೆಯ ಮನೆಯಲ್ಲಿ ತಲೆಗೆ ಏರದ ಬುಟ್ಟಿಯನ್ನು ಈ ಹೆಂಗಸು ವರ್ಷಾ ವರ್ಷ ತನ್ನ ಹಿತ್ತಲಿಗೆ ತಾನೇ ಹೊತ್ತು ತರುತ್ತಿದ್ದಳು. ಹೊಲದ ಪೈರಿಗೆ ಮಾಡಲು ಬಿಡದ ಕುಬಸವನ್ನು ಈ ಒಂದು ಬಳ್ಳಿಗೆ ಮಾಡುತ್ತಿದ್ದಳು. ಇದನ್ನು ಯಾವ ಬಾಯಿಂದ ತಪ್ಪು ಎನ್ನಲಿ? ನಂದಾಳ ಮುಖ ನೋಡಿದೆ. ಆಕೆ ಕಣ್ಣಲ್ಲೇ ಹೇಳು ಎಂದಳು.

“ಅಕ್ಕಾರ, ಹೊಲದಾಗಿನ ಪೀಕು ಶೀಗಿ ಹುಣ್ಣಿವಿಗೆ ಬಸರ ಇರತೈತಿ, ಖರೆ. ದ್ರಾಕ್ಷಿದು ಹಂಗಲ್ರಿ. ದಸರಾ ಆದ ಮ್ಯಾಲೆ ಕತ್ತರಿ ಹಚ್ಚಿದ್ರ ಹೊಸಾ ಕುಡಿ ಒಡಿತಾವ. ಆ ಕುಡಿಯೊಳಗ ಗೊಂಚಲ ಬರತೈತಿ. ಹಚ್ಚಲಿಲ್ಲಂದ್ರ ಬರೇ ಎಲಿ.”

ಪದ್ಮವ್ವ ಮೂಡಲ ಬದಿ ನೋಡಿದಳು. ಪಡುವಲ ಬದಿ ನೋಡಿದಳು.

“ಅಂದ್ರ ಕತ್ತರಿ ಹಚ್ಚಿದ ಮ್ಯಾಲೆ ಇಕಿ ಬಸರ ಆಗೂದು?”

“ಹೌದ್ರಿ.”

“ಅಂದ್ರ ಇಷ್ಟ ವರ್ಷ ನಾನಽ ಅಡ್ಡ ನಿಂತಿದ್ದೆ.”

ಇನ್ನು ಅಳುತ್ತಾಳೆ ಎಂದುಕೊಂಡೆ. ಆಕೆ ಅಳಲಿಲ್ಲ. ಗೊಂಚಲೊಂದರ ಕೆಳಗೆ ಅಂಗೈ ಹಿಡಿದು ಭಾರ ನೋಡಿದಳು. ಆಮೇಲೆ ನಿಧಾನವಾಗಿ, “ಹಂಗಾದ್ರ ಇಕಿದೇನೂ ಕೊರತಿ ಇದ್ದಿದ್ದಿಲ್ಲ. ಮೊದಲಿನಾಕಿದೂ ಇದ್ದಿದ್ದಿಲ್ಲ. ಯಾರೂ ಬಂಜಿ ಇದ್ದಿದ್ದಿಲ್ಲ” ಎಂದಳು.

“ಯಾರೂ ಇರೂದಿಲ್ಲ ಬಿಡ” ಎಂದರು ಅಣ್ಣಾಸಾಹೇಬರು. ಅವರು ಬಳ್ಳಿಯನ್ನು ನೋಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದರು.

ನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೊದಲು ಚೇತರಿಸಿಕೊಂಡವಳು ಪದ್ಮವ್ವನೇ.

“ಶೀಗಿ ಹುಣ್ಣಿವಿಗೆ ಮಾಡಿದ್ದು ಲೆಕ್ಕಕ್ಕಿಲ್ಲ ಹಂಗಾರ. ಈಗ ಎಳ್ಳ ಅಮಾಸಿ ಬಂತೆಲ್ಲ, ಅವತ್ತ ಇಕಿ ಖರೇನಽ ಬಸರ ಇರತಾಳ. ಅವತ್ತ ಮಾಡೂದು. ನಂದಾ, ನೀ ಹಿಂದಿನ ದಿನಾನಽ ಬಾ, ಕಡಬು ಮಾಡೂದೈತಿ.” ಗೋಡೆಯ ಕಡೆ ತಿರುಗಿ, “ಬಾಬಾಲಾಲ, ನೀವೆಲ್ಲಾರೂ ಊಟಕ್ಕ ಬರಬೇಕು. ನಾ ನಿಮ್ಮಲ್ಲಿ ಉಣಲಿಲ್ಲಂತ ನೀವು ಉಪಾಸ ಹೋಗಬ್ಯಾಡ್ರಿ” ಎಂದಳು.

ಎಳ್ಳ ಅಮಾವಾಸ್ಯೆಗೂ ಹೊಲಕ್ಕೆ ಚರಗ ಒಯ್ಯುವುದು ನಮ್ಮ ಪದ್ಧತಿಯೇ, ಹಾಗಾಗಿ ಊರವರಿಗೆ ಇದೇನೂ ವಿಚಿತ್ರವೆನಿಸಲಿಲ್ಲ. ವಿಚಿತ್ರವೆನಿಸಿದ್ದು ಬೇರೆ. ಪದ್ಮವ್ವನ ಅಡುಗೆಮನೆಯ ಹಿಂಬಾಗಿಲು ತೆರೆದರೆ ಹಿತ್ತಲು. ಆಕೆ ಆ ಬಾಗಿಲಿಂದ ಹೋಗಲಿಲ್ಲ. ಕಡಬು, ಹೋಳಿಗೆ, ಸಜ್ಜೆ ರೊಟ್ಟಿ, ಬದನೆಕಾಯಿ, ಪುಂಡಿ ಪಲ್ಯ ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮುಂಬಾಗಿಲಿಂದ ಹೊರಟಳು. ಓಣಿಯಲ್ಲಿ ನಡೆದಳು, ಬಸ್ ನಿಲ್ದಾಣದ ತನಕ ಹೋಗಿ, ಕಟ್ಟೆಯ ಮೇಲೆ ಕೂತವರೆಲ್ಲ ನೋಡುವಂತೆ ಸುತ್ತು ಹಾಕಿ, ಕೊನೆಗೆ ಬಾಬಾಲಾಲರ ಅಂಗಳದಿಂದ ತನ್ನ ಹಿತ್ತಲಿಗೆ ಬಂದಳು. ಹಿಂದೆ ನೀರಿನ ತಂಬಿಗೆ ಹಿಡಿದು ಅಣ್ಣಾಸಾಹೇಬರು. ಬುಟ್ಟಿ ಭಾರವಿತ್ತು, ಮುಖ ಬೆವರಿತ್ತು. ನಂದಾ ಇಳಿಸಿಕೊಳ್ಳಲು ಹೋದರೆ “ತಡಿಯ, ಇನ್ನೊಂದು ಚೂರ ಇರಲಿ” ಎಂದಳು.

ಕಾಯಿ ಕಪ್ಪಾಗುವ ಹೊತ್ತಿಗೆ ಮೂರನೇ ಬೇಸಿಗೆಯೂ ಬಂತು. ಕೀಳುವ ಮಾತನ್ನು ಯಾರೂ ಎತ್ತಲಿಲ್ಲ. ಅಣ್ಣಾಸಾಹೇಬರ ನಾಸಪಾತಿ ಪೇಂಟಿನ ಡಬ್ಬಿಯಲ್ಲೇ ಇದೆ. ನಾಲ್ಕು ಎಲೆ ಬಿಡುತ್ತದೆ, ಎರಡು ಉದುರಿಸುತ್ತದೆ. “ಇದಕ್ಕೂ ಕತ್ತರಿ ಹಚ್ಚಿದ್ರ ಹ್ಯಾಂಗೋ?” ಎಂದು ಕೇಳಿದರು. ಹಿಮಾಲಯ ತಂದು ಹಚ್ಚಿದರೂ ಆಗುವುದಿಲ್ಲ ಎಂದು ಬೈದೆ. ಆ ಹಣ್ಣಿನ ಕತೆಯನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದರು, ದ್ರಾಕ್ಷಿ ತಿನ್ನುತ್ತಲೇ ಹೇಳಿದರು. ಬೀಜ ಉಗುಳಲು ಮಾತ್ರ ನಡುನಡುವೆ ನಿಲ್ಲಿಸುತ್ತಿದ್ದರು.

ರಂಜಾನ್ ಹಬ್ಬ ಮುಗಿದ ಮೇಲೆ ಸೈಮಾಳನ್ನು ತವರಿಗೆ ಕರೆತಂದರು. ಏಳು ತಿಂಗಳಾಗಿತ್ತು. ನಮ್ಮ ಕುಬಸದ ಹಾಗೆ ಅವರಲ್ಲೂ ಏಳನೇ ತಿಂಗಳಿಗೆ ಉಡಿ ತುಂಬುತ್ತಾರೆ, ಹಣ್ಣು ಹಾಕುತ್ತಾರೆ. ನಮಗೂ ಹೇಳಿಕೆ ಬಂದಿತ್ತು. ಗಂಡಸರು ನಾವು ಹೊರಗೆ ಪಡಸಾಲೆಯಲ್ಲಿ ಕೂತಿದ್ದೆವು. ಬಾಗಿಲು ತೆರೆದೇ ಇತ್ತು. ಒಳಗೆ ಹಸಿರು ಸೀರೆಯುಟ್ಟು ಕೂತ ಸೈಮಾ, ಸುತ್ತ ಎರಡೂ ಕಡೆಯ ಬೀಗರ ಹೆಂಗಸರು.

ಪದ್ಮವ್ವ ಬುಟ್ಟಿ ತುಂಬ ಕರಿ ದ್ರಾಕ್ಷಿ ತಂದಳು. ಹೊಸ್ತಿಲ ತನಕ ಬಂದು ನಿಂತಳು. ಬುಟ್ಟಿಯನ್ನು ನಂದಾಳ ಕೈಗೆ ಕೊಟ್ಟು, ಇಷ್ಟು ವರ್ಷ ಮಾಡಿದ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನು ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

“ದೊಡ್ಡವ್ವಾ, ಮೊದಲ ನೀವು ಹಾಕ್ರಿ” ಎಂದಳು ಸೈಮಾ.

“ನಾ ಯಾಕವಾ? ಹಡದವರು ಹಾಕಲಿ ಮೊದಲ. ನಾ ಇಲ್ಲೆ ಅದೇನಿ.”

ಹಜರತಬಿ ನಂದಾಳ ಕೈಯಿಂದ ಬುಟ್ಟಿ ತೆಗೆದುಕೊಂಡು ಬಾಗಿಲಿಗೆ ಬಂದಳು. ಅದನ್ನು ಮತ್ತೆ ಪದ್ಮವ್ವನ ಕೈಯಲ್ಲೇ ಇಟ್ಟಳು.

“ಇವನ್ನೆಲ್ಲಾ ಯಾರ ಹಡದಾರ ಮತ್ತ?” ಎಂದಳು. “ಬರ್ರಿ ಒಳಗ.”

ಪದ್ಮವ್ವ ಗಂಡನ ಕಡೆ ನೋಡಿದಳು. ಅಣ್ಣಾಸಾಹೇಬರು ಹೋಗು ಎಂದು ತಲೆಯಾಡಿಸಿದರು. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲು ದಾಟಿದಳು. ಸೈಮಾಳ ಮುಂದೆ ಕೂತು ಎರಡೂ ಕೈಯಿಂದ ಗೊಂಚಲು ಎತ್ತಿ ಉಡಿಯಲ್ಲಿ ಇಟ್ಟಳು. ಒಂದು ಗೊಂಚಲು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಮತ್ತೆ ಉಡಿಯಲ್ಲೇ ಇಟ್ಟಳು. ಆಮೇಲೆ ಹಿಂದೆ ಸಾಲಾಗಿ ನಿಂತಿದ್ದ ಹೆಂಗಸರ ಕಡೆ ತಿರುಗಿದಳು.

“ಇನ್ನ ನೀವು ಒಬ್ಬೊಬ್ರ ಬರ್ರಿ” ಎಂದಳು.